ಬಿದ್ದ ಮಸೂದೆಯ ಮರುಹುಟ್ಟು

ಧಾರಾಸಭೆಯಲ್ಲಿ ಒಂದು ಮಸೂದೆಯು ಬಿದ್ದಿತೆಂದರೆ ಅದರ ಕಥೆಯು ಅಲ್ಲಿಗೇ ತೀರಿತೆಂದು ನಮ್ಮಲ್ಲಿ ಬಹುಜನರು ಭಾವಿಸುವದುಂಟು. ಅಂಥ ವಾಚಕರು ಅಮೇರಿಕೆಯ ವರ್ಜೀನಿಯಾ ಸಂಸ್ಥಾನದ ವೃತ್ತಾಂತವನ್ನು ತುಸು ಲಕ್ಷ್ಯಗೊಟ್ಟು ನೋಡಬೇಕೆಂದು ನಮ್ಮ ವಿನಂತಿ.

ಥಾಮಸ್ ಜೆಫರ್ಸನ್ನರು 1777ರಲ್ಲಿ ಧರ್ಮಸ್ವಾತಂತ್ರ್ಯದ ಮಸೂದೆಯೊಂದನ್ನು ರಚಿಸಿದರು. ಯಾವ ಪ್ರಜೆಯನ್ನೂ ಒಂದು ಪೂಜಾಸ್ಥಾನಕ್ಕೆ ಹೋಗೆಂದಾಗಲಿ, ಅದಕ್ಕೆ ಹಣ ಕೊಡೆಂದಾಗಲಿ ಸರಕಾರವು ಬಲಾತ್ಕರಿಸಕೂಡದು. ಮತಾಭಿಪ್ರಾಯದ ಮೂಲಕ ಯಾರ ನಾಗರಿಕ ಹಕ್ಕಿಗೂ ಕುಂದು ಬರಕೂಡದು. ಇಷ್ಟೇ ಅದರ ಸಾರ. ಉಪದೇಶ ಮಾಡಿದ್ದಕ್ಕಾಗಿ ಬ್ಯಾಪ್ಟಿಸ್ಟ್ ಬೋಧಕರನ್ನು ಸೆರೆಗೆ ತಳ್ಳಿದ್ದ ನಾಡದು. 1779ರಲ್ಲಿ ಮಸೂದೆಯು ಸಭೆಯ ಮುಂದೆ ಬಂದಿತು, ಅಂಗೀಕಾರವಾಗಲಿಲ್ಲ.

ಅದಕ್ಕೂ ದೊಡ್ಡ ಗಂಡಾಂತರವು 1784ರಲ್ಲಿ ಒದಗಿತು. ಸ್ವಾತಂತ್ರ್ಯದ ವಾಗ್ಮಿಯೆಂದು ಹೆಸರಾದ ಪ್ಯಾಟ್ರಿಕ್ ಹೆನ್ರಿಯವರೇ ಕ್ರೈಸ್ತಬೋಧಕರ ಪೋಷಣೆಗಾಗಿ ತೆರಿಗೆಯೊಂದನ್ನು ಸೂಚಿಸಿದರು. ತನ್ನ ಹಣವು ಯಾವ ಪಂಥಕ್ಕೆ ಸಲ್ಲಬೇಕೆಂಬುದನ್ನು ತೆರಿಗೆ ಕೊಡುವವನೇ ಹೇಳಬಹುದು! ಮೇಲ್ನೋಟಕ್ಕೆ ಎಷ್ಟು ಉದಾರ! ಕಾಯದೆಯ ಕಾಗದಗಳನ್ನು ದಿನವೂ ತಿರುವಿಹಾಕುವ ನಮಗೆ, ಬಹಿರಂಗ ವಿರೋಧಕ್ಕಿಂತ ಇಂಥ ಸಿಹಿಲೇಪದ ಕಲಮುಗಳ ಭಯವೇ ಹೆಚ್ಚು.

ಜೇಮ್ಸ್ ಮ್ಯಾಡಿಸನ್ನರು ಹೂಡಿದ ಹಂಚಿಕೆಯನ್ನು ನಮ್ಮ ಕಾರ್ಯಕರ್ತರು ಅಭ್ಯಸಿಸತಕ್ಕದ್ದು. ಅವರ ಪಕ್ಷವು ಮೊದಲು ಕಾಲಾವಕಾಶವನ್ನು ಗಳಿಸಿತು. ತೆರಿಗೆಯ ವಿಚಾರವು ಮುಂದಿನ ಅಧಿವೇಶನಕ್ಕೆ ಹೋಯಿತು. ಅಷ್ಟರಲ್ಲಿ ಹೆನ್ರಿಯವರು ಗವರ್ನರರಾಗಿ ಸಭೆಯನ್ನು ಬಿಟ್ಟಿದ್ದರು. 1785ರಲ್ಲಿ ಮ್ಯಾಡಿಸನ್ನರು ತಮ್ಮ ಹೆಸರನ್ನು ಹಾಕದೆ 15 ಅಂಶಗಳ ಪ್ರತಿಭಟನಾಪತ್ರವೊಂದನ್ನು ಬರೆದರು. ಎಲ್ಲ ಮತಗಳನ್ನು ಬಿಟ್ಟು ಕ್ರೈಸ್ತಮತವನ್ನೇ ನಿಲ್ಲಿಸಬಲ್ಲ ಸರಕಾರವು, ನಾಳೆ ಕ್ರೈಸ್ತರಲ್ಲಿಯೂ ಒಂದೇ ಪಂಥವನ್ನು ನಿಲ್ಲಿಸಲಾರದೆ? ಊರೂರುಗಳಿಂದ ಸಹಿ ಹಾಕಿದ ಅರ್ಜಿಗಳು ಬಂದು ಬಿದ್ದವು. ಸೆರೆಯ ರುಚಿಯನ್ನು ಕಂಡಿದ್ದ ಬ್ಯಾಪ್ಟಿಸ್ಟರು ಇದರಲ್ಲಿ ಮುಂದಾಗಿದ್ದರು. ತೆರಿಗೆಯ ಮಸೂದೆಯು ಉಸಿರಿಲ್ಲದೆ ಬಿದ್ದುಕೊಂಡಿತು. ಹಳೆಯ ಮಸೂದೆಯು ಮೇಲಕ್ಕೆದ್ದು 1786ರ ಜನವರಿಯಲ್ಲಿ ಅಂಗೀಕೃತವಾಯಿತು. ಆಗ ಜೆಫರ್ಸನ್ನರು ದೂರದ ಪ್ಯಾರಿಸ್ಸಿನಲ್ಲಿದ್ದರು.

ಪೀಠಿಕೆಯಲ್ಲಿ ಯೇಸುಕ್ರಿಸ್ತನ ಹೆಸರನ್ನು ಸೇರಿಸಬೇಕೆಂಬ ತಿದ್ದುಪಡಿಯನ್ನು ಸಭೆಯು ತಳ್ಳಿಹಾಕಿತು. ಆದುದರಿಂದ ಈ ರಕ್ಷಣೆಯು ಯೆಹೂದ್ಯ, ಮುಸಲ್ಮಾನ, ನಾಸ್ತಿಕರಿಗಲ್ಲದೆ ಹಿಂದುವಿಗೂ ಸಲ್ಲುವದೆಂದು ಜೆಫರ್ಸನ್ನರು ತಮ್ಮ ಆತ್ಮವೃತ್ತದಲ್ಲಿ ಸ್ಪಷ್ಟವಾಗಿ ಹೇಳಿರುವರು. ಆದರೂ ಅವರ ಹೊಲದಲ್ಲಿ ದುಡಿಯುತ್ತಿದ್ದವರು ಗುಲಾಮರು. ಗುಲಾಮರ ವಿಮೋಚನೆಯನ್ನು ಬೇಡಿ 1785ರಲ್ಲಿ ಬಂದ ಅರ್ಜಿಯನ್ನು ಇದೇ ಸಭೆಯು ತಿರಸ್ಕರಿಸಿತು. ಇದನ್ನು ಮುಚ್ಚಿಡುವದು ನಮಗೆ ಒಪ್ಪಿಗೆಯಿಲ್ಲ.

ಯಾವದೇ ಒಂದು ಮತದ ಪೋಷಣೆಗೆಂದೇ ಮೀಸಲಾದ ತೆರಿಗೆಯನ್ನು ಕೊಡುವಂತೆ ಯಾರನ್ನೂ ಬಲಾತ್ಕರಿಸಕೂಡದೆಂದು ನಮ್ಮ ಸಂವಿಧಾನದ 27ನೆಯ ಅನುಚ್ಛೇದವು 1950ರಿಂದ ವಿಧಿಸಿರುವದು. ಅದನ್ನು ಓದುವಾಗ ವಾಚಕರು ಹೆನ್ರಿಯವರ ಆ ತೆರಿಗೆಯನ್ನೊಮ್ಮೆ ನೆನೆಯಲಿ.