ರಾಗ ಶುದ್ಧವಾಗಿದ್ದರೆ ಸಾಕೇ?

ದೊಡ್ಡ ಕಲಾವಿದನ ಸಣ್ಣತನವನ್ನು ಕಲೆಯ ಹೆಸರಲ್ಲಿ ಮನ್ನಿಸುವುದು ನಮ್ಮಲ್ಲಿ ಹಳೆಯ ರೂಢಿ. ಎಸ್.ಎಲ್. ಭೈರಪ್ಪನವರ ‘ಮಂದ್ರ’ ಕಾದಂಬರಿ ಈ ರೂಢಿಯನ್ನೇ ಕಟಕಟೆಗೆ ತರುತ್ತದೆ. ಹಿಂದೂಸ್ತಾನಿ ಗಾಯಕ ಮೋಹನಲಾಲ ರಾಗಕ್ಕೆ ಎಳ್ಳಷ್ಟೂ ದ್ರೋಹ ಬಗೆಯುವವನಲ್ಲ. ಶಿಷ್ಯೆ ಮಧುಮಿತಾಳಿಗೆ ಪಾಠ ಹೇಳಲು ಮಾತ್ರ ಅವಳ ದೇಹವನ್ನೇ ಗುರುದಕ್ಷಿಣೆಯಾಗಿ ಕೇಳುತ್ತಾನೆ. ವಿದ್ಯೆಯ ಹಸಿವನ್ನೇ ಹೀಗೆ ದಾಳವಾಗಿಸಿಕೊಳ್ಳುವುದು ವಂಚನೆಯಲ್ಲದೆ ಮತ್ತೇನು?

ಇದು ಸಂಗೀತಗಾರರಿಗೆ ಮಸಿ ಬಳಿಯುವ ಕೃತಿ ಎಂಬ ಆಕ್ಷೇಪ ಬರಬಹುದು. ಹಾಗಿದ್ದರೆ ಕಾದಂಬರಿ ಅವನ ಗಾಯನವನ್ನೂ ಹುಸಿ ಎನ್ನಬೇಕಿತ್ತು, ಅನ್ನುವುದಿಲ್ಲ. ಕಲೆ ಬೇರೆ, ಕಲಾವಿದ ಬೇರೆ ಎನ್ನುವ ವಾದವೂ ಇದೆ. ಧ್ವನಿಮುದ್ರಿಕೆ ಕೇಳುವವರಿಗೆ ಅದು ಒಪ್ಪೀತು. ಎದುರಿಗೆ ತಂಬೂರಿ ಹಿಡಿದು ಕೂತ ಶಿಷ್ಯೆಗೆ ಆ ಅನುಕೂಲವಿಲ್ಲ. 2010ರ ಸರಸ್ವತಿ ಸಮ್ಮಾನ್ ಪಡೆದ ಈ ಕೃತಿಯನ್ನು ಹೊಗಳಿದರಷ್ಟೇ ಸಾಲದು. ಸಂಗೀತ ಸಭೆ, ಗುರುಕುಲ, ಅಕಾಡೆಮಿಗಳು ಶಿಷ್ಯೆಯರ ದೂರಿಗೆ ಕಿವಿಗೊಡುವ ವ್ಯವಸ್ಥೆ ಮಾಡಲಿ.