ನಷ್ಟ ಯಾರದ್ದು ಎಂದು ಮೊದಲು ಕೇಳಿ

ಉಸ್ತಾದರ ಬಳಿ ಬರುವ ಪ್ರಶ್ನೆಗಳು ಈಚೆಗೆ ಬದಲಾಗಿವೆ. ಮೊದಲೆಲ್ಲ ಚಿನ್ನದ ಝಕಾತ್ ಲೆಕ್ಕ, ಬ್ಯಾಂಕಿನಲ್ಲಿ ಬಿದ್ದ ಬಡ್ಡಿ ಹಣ ಏನು ಮಾಡುವುದು, ಇಷ್ಟೇ. ಈಗ ಇನ್ನೊಂದು ಸೇರಿದೆ. "ಉಸ್ತಾದ್, ತಂಗಿಯ ಮಗ ಸಾಫ್ಟ್‌ವೇರ್ ಕಂಪೆನಿ ಮಾಡ್ತಾನಂತೆ. ಹತ್ತು ಲಕ್ಷ ಕೇಳ್ತಾನೆ. ತಿಂಗಳಿಗೆ ಇಪ್ಪತ್ತು ಸಾವಿರ ಲಾಭ ಕೊಡ್ತೇನೆ, ಅಸಲಿಗೆ ತೊಂದರೆ ಇಲ್ಲ ಅಂತಾನೆ. ಇದು ಹಲಾಲಾ?" ಕೇಳುವವರು ಹೆಚ್ಚಾಗಿ ಜುಬೈಲ್‌ನಲ್ಲೋ ದುಬೈಯಲ್ಲೋ ಇಪ್ಪತ್ತು ವರ್ಷ ದುಡಿದು ಊರಿಗೆ ಮರಳಿದವರು. ಆ ಹತ್ತು ಲಕ್ಷದ ಹಿಂದೆ ಮನೆಯವಳು ಒಬ್ಬಳೇ ಮಕ್ಕಳನ್ನು ಸಾಕಿದ ವರ್ಷಗಳಿವೆ.

ಉತ್ತರ ಸುಲಭ. ಅಸಲು ಭದ್ರ, ತಿಂಗಳಿಗೆ ಇಂತಿಷ್ಟು ಎಂದು ಮೊದಲೇ ನಿಗದಿ ಎಂದಾದರೆ, ಅದಕ್ಕೆ ಲಾಭ ಎಂದು ಹೆಸರಿಟ್ಟರೂ ಅದು ಸಾಲದ ಮೇಲಿನ ಬಡ್ಡಿಯೇ. ಆದರೆ ಅಷ್ಟು ಹೇಳಿ ಕಳಿಸಿದರೆ ಸಾಲದು. ಹಾಗಾದರೆ ಹೇಗೆ ಕೊಡಬೇಕು ಎಂದೂ ಹೇಳಬೇಕು. ಇಲ್ಲದಿದ್ದರೆ ಒಂದೋ ಹುಡುಗನ ಯೋಜನೆ ಅಲ್ಲಿಗೇ ನಿಲ್ಲುತ್ತದೆ, ಅಥವಾ ಮಾವ ಬಾಯಿಮಾತಿನಲ್ಲೇ ಹಣ ಕೊಟ್ಟು, ಎರಡು ವರ್ಷದ ನಂತರ ಮದುವೆ ಮನೆಯಲ್ಲಿ ಇಬ್ಬರೂ ಮುಖ ತಿರುಗಿಸಿ ಕೂರುತ್ತಾರೆ. ಹಣ ಕೇಳುವ ಹುಡುಗರು ಹೆಚ್ಚಿನವರು ಮೋಸಗಾರರಲ್ಲ ಮಾರ್ರೆ. ತಿಂಗಳ ಲಾಭ ಅಂತ ಹೇಳದಿದ್ದರೆ ಹಿರಿಯರ ಕೈ ಬಿಚ್ಚುವುದಿಲ್ಲ ಎಂದು ಅವರಿಗೆ ಗೊತ್ತು, ಅದಕ್ಕೇ ಹೇಳುತ್ತಾರೆ.

ಬ್ಯಾರಿ ಎಂಬ ಹೆಸರೇ 'ಬ್ಯಾರ', ಅಂದರೆ ವ್ಯಾಪಾರದಿಂದ ಬಂದದ್ದು ಎಂದು ಹೇಳುವುದುಂಟು. ಒಬ್ಬನ ಹಣ, ಇನ್ನೊಬ್ಬನ ದುಡಿಮೆ, ಲಾಭದಲ್ಲಿ ಇಬ್ಬರಿಗೂ ಪಾಲು ಎಂಬ ಪದ್ಧತಿ ನಮಗೆ ಹೊಸತೇನಲ್ಲ. ಶಾಫಿಈ ಕಿತಾಬುಗಳಲ್ಲಿ ಇದಕ್ಕೆ ಖಿರಾಳ್ ಎಂದು ಹೆಸರು, ಬೇರೆ ಮದ್‌ಹಬ್‌ಗಳಲ್ಲಿ ಮುಳಾರಬ. ಪ್ರವಾದಿ(ಸ)ರು ಪ್ರವಾದಿತ್ವಕ್ಕೆ ಮೊದಲು ಖದೀಜಾ(ರ)ರ ಸರಕು ಕೊಂಡು ಶಾಮ್‌ಗೆ ಹೋದದ್ದು ಮದ್ರಸದ ಮಕ್ಕಳಿಗೂ ಗೊತ್ತು. ಇದರ ನಿಯಮ ಎರಡು ಮಾತಿನದ್ದು. ಲಾಭವನ್ನು ಅರ್ಧ, ಮೂರನೇ ಒಂದು ಎಂದು ಪಾಲಿನ ಲೆಕ್ಕದಲ್ಲಿ ಹೇಳಬೇಕು, ಇಂತಿಷ್ಟು ರೂಪಾಯಿ ಎಂದರೆ ಒಪ್ಪಂದವೇ ಸರಿಯಾಗುವುದಿಲ್ಲ. ನಷ್ಟವಾದರೆ ಹಣ ಹೋಗುವುದು ಹಣ ಹಾಕಿದವನದ್ದು, ದುಡಿದವನಿಗೆ ದುಡಿಮೆ ಹೋಯಿತು. ಅವನು ವಂಚನೆಯನ್ನೋ ಬೇಜವಾಬ್ದಾರಿಯನ್ನೋ ಮಾಡಿದ್ದರೆ ಮಾತ್ರ ಅಸಲಿಗೆ ಹೊಣೆ. ಕಂಪೆನಿಯ ಶೇರು ಎಂಬುದು ಶಿರ್ಕತ್‌ಗೆ ಇನ್ನೂ ಹತ್ತಿರ: ಪಾಲಿನಷ್ಟು ಲಾಭ, ಪಾಲಿನಷ್ಟೇ ನಷ್ಟ. ಹಾಗಾಗಿ "ಹಲಾಲಾ?" ಎಂದು ಕೇಳುವ ಮೊದಲು "ಮುಳುಗಿದರೆ ನಷ್ಟ ಯಾರದ್ದು?" ಎಂದು ಕೇಳಿ. ಎರಡನೆಯದಕ್ಕೆ ನೇರ ಉತ್ತರ ಸಿಕ್ಕಿದರೆ ಮೊದಲನೆಯದು ಅರ್ಧ ಬಗೆಹರಿದಂತೆ.

ಸಾಫ್ಟ್‌ವೇರ್‌ನಲ್ಲಿ ಹಣ ಹೇಗೆ ಹೋಗುತ್ತದೆ ಎಂಬುದೂ ತಿಳಿದಿರಬೇಕು. ಅಂಗಡಿ ಮುಚ್ಚಿದರೂ ಫ್ರಿಜ್, ಕಪಾಟು, ಉಳಿದ ಸರಕು, ಅಡ್ವಾನ್ಸ್ ಎಂದು ಏನಾದರೂ ವಾಪಸ್ ಬರುತ್ತದೆ. ಇಲ್ಲಿ ಹಣದ ದೊಡ್ಡ ಪಾಲು ಸಂಬಳಕ್ಕೆ ಹೋಗುವುದು. ತಿಂಗಳಿಗೆ ಒಂದು ಲಕ್ಷ ಖರ್ಚಾದರೆ ನಿಮ್ಮ ಹತ್ತು ಲಕ್ಷಕ್ಕೆ ಹತ್ತು ತಿಂಗಳು ಆಯುಷ್ಯ. ಅಷ್ಟರಲ್ಲಿ ದುಡ್ಡು ಕೊಡುವ ಗಿರಾಕಿ ಸಿಗದಿದ್ದರೆ ಉಳಿಯುವುದು ಎರಡು ಹಳೇ ಲ್ಯಾಪ್‌ಟಾಪ್ ಮತ್ತು ಯಾರೂ ಕೊಳ್ಳದ ಕೋಡ್. ಗಿರಾಕಿಯೇ ಇಲ್ಲದ ಕಂಪೆನಿ ಮೊದಲ ತಿಂಗಳಿಂದಲೇ ಇಪ್ಪತ್ತು ಸಾವಿರ ಕೊಡುತ್ತಿದೆ ಎಂದರೆ, ನಿಮ್ಮದೇ ಹಣವನ್ನು ನಿಮಗೆ ಸ್ವಲ್ಪ ಸ್ವಲ್ಪವಾಗಿ ತಿರುಗಿ ಕೊಡುತ್ತಿದೆ ಎಂದರ್ಥ. ಮಗಳ ಮದುವೆಗೆ, ಮನೆಯ ಸ್ಲ್ಯಾಬಿಗೆ, ಹಜ್ಜ್‌ಗೆ ಇಟ್ಟ ಹಣವನ್ನು ಇಲ್ಲಿ ಹಾಕಬೇಡಿ. ಒಡವೆ ಅಡವಿಟ್ಟು ಖಂಡಿತ ಬೇಡ.

ಈ ವಿಷಯದಲ್ಲಿ ಅಮೆರಿಕದವರಿಂದ ಕಲಿಯುವಂಥದ್ದು ಒಂದುಂಟು. ಅಲ್ಲಿ ವೈ ಕಾಂಬಿನೇಟರ್ ಎಂಬ ಸಂಸ್ಥೆ 2005ರಿಂದ ಆಗಷ್ಟೇ ಹುಟ್ಟಿದ ಕಂಪೆನಿಗಳಿಗೆ ಹಣ ಹಾಕುತ್ತಾ ಬಂದಿದೆ. ಆ ಹಂತದ ಕಂಪೆನಿಗೆ ಮೊದಲು ಕೊಡುತ್ತಿದ್ದದ್ದು ಹೆಚ್ಚಾಗಿ 'ಕನ್ವರ್ಟಿಬಲ್ ನೋಟ್' ಮೂಲಕ. ಅದು ಸಾಲ, ಅದಕ್ಕೆ ಬಡ್ಡಿ ಉಂಟು, ವಾಯಿದೆ ಉಂಟು, ಮುಂದೆ ಶೇರಾಗಿ ಬದಲಾಗುತ್ತದೆ. 2013ರಲ್ಲಿ ವೈ ಕಾಂಬಿನೇಟರ್‌ನವರು 'ಸೇಫ್' ಎಂಬ ಹೊಸ ಕಾಗದ ತಂದರು. ಅದರಲ್ಲಿ ಬಡ್ಡಿ ಇಲ್ಲ, ವಾಯಿದೆ ಇಲ್ಲ, ಅದು ಸಾಲವೇ ಅಲ್ಲ. ಇವತ್ತು ಹಣ, ಮುಂದೆ ದೊಡ್ಡ ಹೂಡಿಕೆದಾರ ಬಂದಾಗ ಶೇರು. ಅವರೇನೂ ಶರೀಅತ್ ಓದಿ ಬಡ್ಡಿ ಬಿಟ್ಟದ್ದಲ್ಲ. ಕೂಸು ಕಂಪೆನಿಯ ತಲೆ ಮೇಲೆ ಸಾಲ ಹೊರಿಸಿದರೆ ಅದು ನಡೆಯುವುದು ಕಷ್ಟ ಎಂದು ವ್ಯಾಪಾರದ ಲೆಕ್ಕದಲ್ಲೇ ಅವರಿಗೆ ಕಂಡಿತು. ನಮ್ಮ ದೇಶದಲ್ಲಿ ಆ ಕಾಗದ ಹಾಗೇ ನಡೆಯುವುದಿಲ್ಲ. ಇಲ್ಲಿ ನೇರ ಶೇರು ಕೊಡುತ್ತಾರೆ, ಇಲ್ಲವೇ ಮುಂದೆ ಕಡ್ಡಾಯವಾಗಿ ಸಾಮಾನ್ಯ ಶೇರಾಗಿ ಬದಲಾಗುವ ಪ್ರಿಫರೆನ್ಸ್ ಶೇರು ಬರೆಯುತ್ತಾರೆ. ಎರಡನೆಯದಕ್ಕೆ ಸಹಿ ಹಾಕುವ ಮೊದಲು ಕಾಗದವನ್ನು ಆಲಿಮರಿಗೆ ತೋರಿಸುವುದು ಒಳ್ಳೆಯದು.

ಕಾಗದದಲ್ಲಿ 'ಪಾಲುದಾರ' ಎಂದು ಬರೆದ ಮಾತ್ರಕ್ಕೆ ಎಲ್ಲವೂ ಸರಿಯಾಯಿತು ಎಂದಲ್ಲ. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಬಾಗಿಲು ಹಾಕಿದಾಗ ಬೀದಿಗೆ ಬಿದ್ದ ಸಾವಿರಾರು ಕುಟುಂಬಗಳಲ್ಲಿ ಹೆಚ್ಚಿನವು ಮುಸ್ಲಿಮರವು. ಅಲ್ಲೂ ಹಣ ಹಾಕಿದವರನ್ನು ಪಾಲುದಾರರು ಎಂದೇ ಕರೆಯಲಾಗಿತ್ತು, ತಿಂಗಳು ತಿಂಗಳು ಬರುತ್ತಿದ್ದ ಹಣಕ್ಕೆ ಹಲಾಲ್ ಲಾಭ ಎಂಬ ಹೆಸರಿತ್ತು. ಯಾವ ವ್ಯಾಪಾರದಿಂದ ಆ ಲಾಭ ಬರುತ್ತಿದೆ ಎಂದು ಕೇಳಿದವರು ಕಡಿಮೆ. ಅದೇ ವರ್ಷ ಕೇಂದ್ರ ಸರಕಾರ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆ ತಂದಿತು. ಸಿಕ್ಕ ಸಿಕ್ಕವರಿಂದ ಲಕ್ಷ ಲಕ್ಷ ಪಡೆದು ತಿಂಗಳಿಗೆ ಇಷ್ಟು ಕೊಡುತ್ತೇನೆ ಎನ್ನುವ ಹುಡುಗ, ಮನಸ್ಸಿನಲ್ಲಿ ಮೋಸ ಇಲ್ಲದಿದ್ದರೂ, ಕಾನೂನಿನ ಎದುರು ಸಿಕ್ಕಿಬೀಳಬಹುದು. ಇದನ್ನು ಹುಡುಗರ ತಂದೆ ತಾಯಿಯರೂ ಗಮನಿಸಬೇಕು.

ಸರಿಯಾದ ದಾರಿ ಕಷ್ಟದ್ದೇನಲ್ಲ. ಖಾಸಗಿ ಕಂಪೆನಿ ಹೀಗೆ ಹೊರಗಿನವರಿಗೆ ಶೇರು ಕೊಡುವುದು 2013ರ ಕಂಪೆನಿ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ. ಹಣ ಬ್ಯಾಂಕಿನ ಮೂಲಕವೇ ಬರಬೇಕು, ನಗದು ಕೂಡದು. ಹಣ ಬಂದ 60 ದಿನದೊಳಗೆ ಶೇರು ಹಂಚಬೇಕು, ಆಗದಿದ್ದರೆ ನಂತರದ 15 ದಿನದೊಳಗೆ ಹಣ ವಾಪಸ್. ಶೇರು ಹಂಚಿದ ಎರಡು ತಿಂಗಳೊಳಗೆ ಸರ್ಟಿಫಿಕೇಟ್ ನಿಮ್ಮ ಕೈಯಲ್ಲಿರಬೇಕು. ಕಂಪೆನಿ ನಿಜವಾಗಿ ನೋಂದಣಿ ಆಗಿದೆಯಾ, ಡೈರೆಕ್ಟರುಗಳು ಯಾರು ಎಂದು ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ವೆಬ್‌ಸೈಟಿನಲ್ಲಿ ನೋಡಬಹುದು. "ನಮ್ಮ ಹುಡುಗ, ಅವನ ಹತ್ತಿರ ಎಂತ ಕಾಗದ ಕೇಳುವುದು" ಎಂದು ನಾಚಿಕೆ ಪಡುವವರು ಅಲ್‌ಬಕರದ 282ನೇ ಆಯತ್ ನೆನಪಿಸಿಕೊಳ್ಳಿ. ಕುರ್‌ಆನಿನ ಅತಿ ಉದ್ದದ ಆಯತ್ ಅದು, ವಿಷಯ ಸಾಲದ ವ್ಯವಹಾರವನ್ನು ಬರೆದಿಡುವುದು. ಸಂಬಂಧಿಕರಿಗೆ ಅದರಲ್ಲಿ ರಿಯಾಯಿತಿ ಇಲ್ಲ.

ಶೇರಿನ ಲೆಕ್ಕದಲ್ಲೇ ಹೆಚ್ಚು ಜಗಳ ಹುಟ್ಟುತ್ತದೆ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಂಪೆನಿಯ ಬೆಲೆ 90 ಲಕ್ಷ ಎಂದು ಇಬ್ಬರೂ ಒಪ್ಪಿದಿರಿ, ನೀವು 10 ಲಕ್ಷ ಹಾಕಿದಿರಿ ಎಂದಿಟ್ಟುಕೊಳ್ಳಿ. ಒಟ್ಟು ಒಂದು ಕೋಟಿ, ನಿಮ್ಮದು ನೂರಕ್ಕೆ ಹತ್ತು. ಎರಡು ವರ್ಷದ ನಂತರ ಬೆಂಗಳೂರಿನ ಹೂಡಿಕೆದಾರ ಒಬ್ಬ ಬಂದು, ಕಂಪೆನಿಗೆ 4 ಕೋಟಿ ಬೆಲೆ ಕಟ್ಟಿ, 1 ಕೋಟಿ ಹಾಕುತ್ತಾನೆ. ಹೊಸ ಶೇರು ಹುಟ್ಟಿದ ಕಾರಣ ನಿಮ್ಮ ಹತ್ತು ಈಗ ಎಂಟಾಯಿತು. "ನನ್ನ ಎರಡು ಪರ್ಸೆಂಟ್ ತಿಂದ" ಎಂದು ಕಾಕ ಕೂಗಾಡುವುದು ಇಲ್ಲೇ. ಆದರೆ 5 ಕೋಟಿಯ ಎಂಟು ಪಾಲು ಎಂದರೆ 40 ಲಕ್ಷ. ಇದರಲ್ಲಿ ಕದ್ದದ್ದೇನೂ ಇಲ್ಲ. ಅಷ್ಟೇ ಅಲ್ಲ, ಆ 40 ಲಕ್ಷ ಈಗ ಕೈಗೆ ಸಿಗುವುದೂ ಇಲ್ಲ. ಶೇರು ಕೊಳ್ಳುವವ ಸಿಕ್ಕಿದರೆ ಮಾತ್ರ ಹಣ, ಅದಕ್ಕೆ ಎಂಟೋ ಹತ್ತೋ ವರ್ಷ ಹಿಡಿಯಬಹುದು.

ಇನ್ನು ದುಡಿಯುವವರ ವಿಷಯ. ನನ್ನ ಪ್ರಕಾರ ಹಣಕ್ಕಿಂತ ಹೆಚ್ಚು ಅನ್ಯಾಯ ಆಗುವುದು ಇಲ್ಲಿ. ಇಂಜಿನಿಯರಿಂಗ್ ಮುಗಿಸಿದ ಮೂವರು ಗೆಳೆಯರು ಸಮಪಾಲಿನಲ್ಲಿ ಕಂಪೆನಿ ಹುಟ್ಟುಹಾಕುತ್ತಾರೆ. ಆರು ತಿಂಗಳಲ್ಲಿ ಒಬ್ಬನಿಗೆ ರಿಯಾದ್‌ನ ವೀಸಾ ಬರುತ್ತದೆ, ಅವನು ಹೋಗುತ್ತಾನೆ. ಹೋಗುವುದು ತಪ್ಪಲ್ಲ, ಮನೆಯಲ್ಲಿ ಸಾಲ ಇರುತ್ತದೆ. ಆದರೆ ಮೂರನೇ ಒಂದು ಪಾಲು ಅವನ ಹೆಸರಲ್ಲೇ ಉಳಿದರೆ, ಉಳಿದ ಇಬ್ಬರು ಹತ್ತು ವರ್ಷ ದುಡಿದದ್ದರಲ್ಲಿ ಅವನಿಗೆ ಸಮಪಾಲು. ಇದಕ್ಕೆ ಸಾಫ್ಟ್‌ವೇರ್ ಲೋಕದಲ್ಲಿ 'ವೆಸ್ಟಿಂಗ್' ಎಂಬ ಪದ್ಧತಿ ಉಂಟು. ಪಾಲು ನಾಲ್ಕು ವರ್ಷದಲ್ಲಿ ತಿಂಗಳಿಗೆ ಇಷ್ಟು ಎಂದು ಪಕ್ಕಾ ಆಗುತ್ತಾ ಹೋಗುತ್ತದೆ. ಮೊದಲ ವರ್ಷ ತುಂಬುವ ಮುಂಚೆ ಬಿಟ್ಟರೆ ಏನೂ ಇಲ್ಲ. ತಲಾ 3,000 ಶೇರು ಎಂದಾದರೆ, ಹದಿನೆಂಟು ತಿಂಗಳಿಗೆ ಹೋದವನಿಗೆ 48ರಲ್ಲಿ 18 ಭಾಗ, ಅಂದರೆ 1,125 ಶೇರು. ಉಳಿದದ್ದು ಕಂಪೆನಿಗೆ ಸೇರಬೇಕು. ಗೆಳೆತನ ಚೆನ್ನಾಗಿರುವಾಗಲೇ ಇದನ್ನು ಬರೆಯಬೇಕು, ವೀಸಾ ಬಂದ ಮೇಲೆ ಬರೆಯಲು ಯಾರೂ ಕೂರುವುದಿಲ್ಲ.

ಮೊದಲು ಕೆಲಸಕ್ಕೆ ಸೇರುವವರಿಗೂ ಹೀಗೆಯೇ. ಚೆನ್ನೈಯಲ್ಲಿ 2010ರಲ್ಲಿ ಶುರುವಾದ ಫ್ರೆಶ್‌ವರ್ಕ್ಸ್ 2021ರಲ್ಲಿ ಅಮೆರಿಕದ ನಾಸ್ಡಾಕ್ ಶೇರುಪೇಟೆಗೆ ಹೋದಾಗ ಅದರ ನೂರಾರು ನೌಕರರು ಕೋಟ್ಯಧಿಪತಿಗಳಾದರು. ಬರೇ ಸಂಬಳದಿಂದ ಹಾಗೆ ಆಗಲಿಲ್ಲ, ಕಂಪೆನಿ ಅವರಿಗೆ ಶೇರು ಬರೆದು ಕೊಟ್ಟಿತ್ತು. ನಮ್ಮಲ್ಲಿ ಏನಾಗುತ್ತದೆ? ಚಿಕ್ಕಪ್ಪನ ಮಗನಿಗೆ "ಸದ್ಯ ಸಂಬಳ ಕೇಳಬೇಡ, ಮುಂದೆ ನೋಡುವಾ" ಎನ್ನುತ್ತಾರೆ. ಆ 'ಮುಂದೆ' ಯಾವ ಕಾಗದದಲ್ಲೂ ಇರುವುದಿಲ್ಲ. ಬಿಸಿಎ ಮುಗಿಸಿ ಮನೆಯಲ್ಲಿರುವ ತಂಗಿ ರಾತ್ರಿ ಎರಡು ಗಂಟೆವರೆಗೆ ಕೂತು ಕೋಡ್ ಬರೆಯುತ್ತಾಳೆ, ಅದಕ್ಕೆ 'ಅಣ್ಣನಿಗೆ ಸಹಾಯ' ಎಂದು ಹೆಸರು. ಶೇರೆಲ್ಲ ಅಣ್ಣನ ಹೆಸರಲ್ಲಿ. ನಾಳೆ ಅವಳ ಮದುವೆಯಾಗಿ ಬೇರೆ ಮನೆಗೆ ಹೋದರೆ ಅವಳ ಎರಡು ವರ್ಷಕ್ಕೆ ಲೆಕ್ಕವೇ ಇಲ್ಲ. ಕೂಲಿಯವನ ಬೆವರಿನ ಹದೀಸನ್ನು ವೇದಿಕೆಯಲ್ಲಿ ಹೇಳುವವರು ಈ ಬೆವರನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸಂಬಳ ಕೊಡಲಾಗದಿದ್ದರೆ ಎಷ್ಟು ಶೇರು, ಎಷ್ಟು ವರ್ಷಕ್ಕೆ ಎಂದು ಬರೆದು ಕೊಡಿ.

ಹಣ ಕೇಳುವ ಹುಡುಗರಿಗೂ ಒಂದು ಮಾತು. ಸಾಫ್ಟ್‌ವೇರ್ ಮಾಡಲು ಮೊದಲು ಬೇಕಾದದ್ದು ಗಿರಾಕಿ, ಆಫೀಸಿನ ಗಾಜಿನ ಬಾಗಿಲು ಆಮೇಲೆ. ದಕ್ಕೆಯ ಮೀನಿನ ವ್ಯಾಪಾರಿಗಳಿಗೆ ಬಿಲ್ಲಿನ ಆ್ಯಪ್ ಮಾಡುವ ಯೋಚನೆ ಇದ್ದರೆ ಬೆಳಗ್ಗೆ ಸುಬಹಿಗೆ ಎದ್ದು ದಕ್ಕೆಗೆ ಹೋಗಿ, ಅವರು ಚೀಟಿಯಲ್ಲಿ ಲೆಕ್ಕ ಬರೆಯುವುದನ್ನು ನೋಡಿ. ಅರ್ಧಂಬರ್ಧ ಆ್ಯಪ್ ಆದರೂ ಹತ್ತು ಜನ ದಿನಾ ಬಳಸಿ, ಅವರಲ್ಲಿ ಮೂವರು ತಿಂಗಳಿಗೆ ಇನ್ನೂರು ರೂಪಾಯಿ ಕೊಟ್ಟರೆ, ಅದನ್ನು ತೋರಿಸಿ ಮಾವನ ಹತ್ತಿರ ಹಣ ಕೇಳಿ. ಏರ್‌ಬಿಎನ್‌ಬಿಯ ಸ್ಥಾಪಕರು ಕೂಡ ಆರಂಭದಲ್ಲಿ ನ್ಯೂಯಾರ್ಕಿನಲ್ಲಿ ಮನೆ ಮನೆಗೆ ಹೋಗಿ ಬಾಡಿಗೆ ಕೋಣೆಗಳ ಫೋಟೊ ತೆಗೆದವರೇ. ಬೆಂಗಳೂರಿಗೇ ಹೋಗಬೇಕೆಂದೂ ಇಲ್ಲ. ನಮ್ಮ ಪಕ್ಕದ ಉಡುಪಿಯಲ್ಲಿ 1996ರಲ್ಲಿ ಶುರುವಾದ ರೋಬೋಸಾಫ್ಟ್ ಅಲ್ಲೇ ಬೆಳೆಯಿತು. ಜಪಾನಿನ ಟೆಕ್ನೋಪ್ರೊ ಅದನ್ನು ಕೊಂಡುಕೊಂಡದ್ದು 2021ರಲ್ಲಿ, ಇಪ್ಪತ್ತೈದು ವರ್ಷದ ನಂತರ. ತಿಂಗಳ ಲಾಭ ಕೇಳುವ ಮಾವಂದಿರು ಈ ಇಪ್ಪತ್ತೈದನ್ನು ಒಮ್ಮೆ ನೋಡಲಿ.

ಜಮಾಅತ್ ಕಮಿಟಿಗಳಿಂದ ಒಂದು ಸಣ್ಣ ಕೆಲಸ ಆಗಬಹುದು. ಈಗ ಕಮಿಟಿಯ ಮುಂದೆ ಇಂಥ ವಿಷಯ ಬರುವುದು ಹಣ ಮುಳುಗಿ, ಮಾತು ಬಿಟ್ಟು, ರಾಜಿ ಪಂಚಾಯಿತಿಗೆ ಕೂತಾಗ. ಅದಕ್ಕಿಂತ ಮೊದಲೇ, ತಿಂಗಳಿಗೆ ಒಂದು ದಿನ ಇಶಾ ನಮಾಝಿನ ನಂತರ, ಊರಿನ ಒಬ್ಬ ಸಿಎ, ಒಬ್ಬ ವಕೀಲ, ಸಾಫ್ಟ್‌ವೇರ್‌ನಲ್ಲಿ ಹತ್ತು ವರ್ಷ ಕಳೆದ ಒಬ್ಬರು, ಜೊತೆಗೆ ಒಬ್ಬ ಆಲಿಮ್ ಮದ್ರಸದ ಒಂದು ಕೋಣೆಯಲ್ಲಿ ಕೂರಲಿ. ಹಣ ಕೊಡುವವರೂ ಕೇಳುವವರೂ ಕಾಗದ ಹಿಡಿದುಕೊಂಡು ಬರಲಿ, ಹೆಣ್ಣುಮಕ್ಕಳಿಗೂ ಬೇರೆ ಸಮಯ ಇಡಲಿ. ಹೂಡಿ ಎಂದೋ ಬೇಡ ಎಂದೋ ಕಮಿಟಿ ಹೇಳುವುದು ಬೇಡ, ಯಾರಿಗೂ ಜಾಮೀನು ನಿಲ್ಲುವುದಂತೂ ಬೇಡವೇ ಬೇಡ. ಕಾಗದದಲ್ಲಿ ಏನಿದೆ, ನಷ್ಟ ಯಾರ ತಲೆಗೆ ಬರುತ್ತದೆ ಎಂದು ಓದಿ ಹೇಳಿದರೆ ಸಾಕು. ಕೋಣೆ ಮದ್ರಸದಲ್ಲಿ ಉಂಟು, ರಾತ್ರಿ ಹೊತ್ತು ಖಾಲಿಯೇ ಇರುತ್ತದೆ.