ಫೈರ್‌ವಾಲ್ ಆಫ್ ಮಾಡೋದು ರಿಪೇರಿ ಅಲ್ಲ

ಮನೆ ಲ್ಯಾಪ್‌ಟಾಪ್‌ಗೆ ಪ್ರಿಂಟರ್ ಸಿಗ್ತಿಲ್ಲ, ಗೇಮ್ ಕನೆಕ್ಟ್ ಆಗ್ತಿಲ್ಲ ಅಂದ್ರೆ ನಮ್ಮ ಕ್ಲಾಸಲ್ಲಿ ಸಿಗೋ ಮೊದಲ ಸಲಹೆ: "ಫೈರ್‌ವಾಲ್ ಆಫ್ ಮಾಡಿ ನೋಡು ಮಗಾ." ಕೆಲವು ಸಲ ಕೆಲಸ ಆಗುತ್ತೆ. ಆದ್ರೆ ಆಮೇಲೆ ಅದನ್ನು ಆನ್ ಮಾಡೋರು ಯಾರು?

2004ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಸರ್ವಿಸ್ ಪ್ಯಾಕ್ 2ರಿಂದ ಫೈರ್‌ವಾಲ್ ತಾನಾಗೇ ಆನ್ ಇರುತ್ತೆ. ಸುಮ್ಮನೆ ಅಲ್ಲ. 2017ರಲ್ಲಿ ವಾನಾಕ್ರೈ ಯಾರೂ ಏನನ್ನೂ ಕ್ಲಿಕ್ ಮಾಡದೆಯೇ, 445ನೇ ಪೋರ್ಟ್ ಮೂಲಕ ಒಂದು ಕಂಪ್ಯೂಟರಿಂದ ಇನ್ನೊಂದಕ್ಕೆ ಹರಡಿತು.

ಹಾಗಾಗಿ ನಾವು ಹೇಳೋದಿಷ್ಟೇ. ಮನೆ ವೈಫೈ 'ಪಬ್ಲಿಕ್' ಅಂತ ಸೆಟ್ ಆಗಿದೆಯಾ ನೋಡೋಣ. 'ಪ್ರೈವೇಟ್' ಮಾಡಿದ್ರೆ ಪ್ರಿಂಟರ್ ಎಷ್ಟೋ ಸಲ ಸಿಕ್ಕಿಬಿಡುತ್ತೆ. ಇಲ್ಲಾಂದ್ರೆ ಆ ಒಂದು ಆ್ಯಪ್‌ಗೆ ಮಾತ್ರ ಅನುಮತಿ ಕೊಡೋಣ. ಎರಡು ಆ್ಯಂಟಿವೈರಸ್ ಕಿತ್ತಾಡ್ತಿದ್ರೆ ಒಂದನ್ನು ತೆಗೆಯೋಣ. ಆಫ್ ಮಾಡಲೇಬೇಕಾದ್ರೆ ಎರಡೇ ನಿಮಿಷ, ತೊಂದರೆ ಎಲ್ಲಿದೆ ಅಂತ ತಿಳಿಯೋಕೆ.

ಅದೇ ಲ್ಯಾಪ್‌ಟಾಪಲ್ಲಿ ಅಪ್ಪ ಬ್ಯಾಂಕಿಗೆ ಲಾಗಿನ್ ಆಗ್ತಾರೆ, ತಂಗಿ ಆನ್‌ಲೈನ್ ಕ್ಲಾಸ್ ಕೇಳ್ತಾಳೆ. "ಇಂಜಿನಿಯರಿಂಗ್ ಓದ್ತಿದ್ದಾರೆ, ಸರಿ ಮಾಡ್ತಾರೆ" ಅಂತ ನಂಬಿ ನಮ್ಮ ಕೈಗೆ ಕೊಟ್ಟಿರ್ತಾರೆ. ಬಾಗಿಲು ಬಿಗಿಯಾಗಿದೆ ಅಂತ ಬಾಗಿಲನ್ನೇ ಕಿತ್ತಿಟ್ಟು ಬರೋದು ಆ ನಂಬಿಕೆಗೆ ತಕ್ಕ ಕೆಲಸ ಅಲ್ಲ.